ಸ್ಕಾನ್: ಹೆಸರು, ಹುಟ್ಟು ಮತ್ತು ಮಾಡುವ ಹದ

ಸ್ಕಾನ್‌ಗೆ ಬೇಕಾದ ಸಾಮಾನು ಐದಾರು, ಬೇಯುವ ಹೊತ್ತು ಕಾಲು ಗಂಟೆ. ಆದರೂ ಮೊದಲ ಸಲ ಮಾಡಿದಾಗ ಅದು ಗಟ್ಟಿಯಾಗುವುದು, ಇಲ್ಲವೇ ಉಬ್ಬದೆ ಚಪ್ಪಟೆಯಾಗಿ ಉಳಿಯುವುದು ಸಾಮಾನ್ಯ. ಬಹುತೇಕ ಅದಕ್ಕೆ ಕಾರಣ, ಅದನ್ನು ಬ್ರೆಡ್ಡಿನಂತೆ ನಾದುವುದು ಅಥವಾ ಕೇಕಿನಂತೆ ಕದಡುವುದು. ಸ್ಕಾನ್ ಅವೆರಡೂ ಅಲ್ಲ. ಯೀಸ್ಟ್ ಹಾಕದೆ, ನಾದದೆ, ಕಲಸಿದ ಕೂಡಲೇ ಬೇಯಿಸಿ ಬಿಸಿಯಿರುವಾಗಲೇ ತಿನ್ನುವ ರೊಟ್ಟಿ ಅದು. ಹುಟ್ಟಿದ್ದು ಕಾವಲಿಯ ಮೇಲೆ. ಓವನ್ ಒಳಗೆ ಹೋಗಿದ್ದು ಬಹಳ ತಡವಾಗಿ. ಈ ಹುಟ್ಟು ತಿಳಿದರೆ ಮಾಡುವ ಕ್ರಮದ ಅರ್ಧ ತಾನಾಗಿ ಅರ್ಥವಾಗುತ್ತದೆ. ಹಾಗಾಗಿ ಅಳತೆಗೆ ಹೋಗುವ ಮುನ್ನ ಅದನ್ನು ನೋಡಿಬಿಡೋಣ.

ಹೆಸರು

ಬರಹದಲ್ಲಿ ಈ ಪದ ಮೊದಲು ಸಿಗುವುದು 1513ರಲ್ಲಿ. ಸ್ಕಾಟ್ಲೆಂಡಿನ ಕವಿ ಗೇವಿನ್ ಡಗ್ಲಸ್ (ಮುಂದೆ ಡಂಕೆಲ್ಡ್‌ನ ಬಿಷಪ್ ಆದವನು) ವರ್ಜಿಲನ ‘ಈನಿಯಡ್’ ಮಹಾಕಾವ್ಯವನ್ನು ಸ್ಕಾಟ್ಸ್ ನುಡಿಗೆ ತಂದ. ಅದರ ಏಳನೆಯ ಭಾಗದಲ್ಲಿ ಒಂದು ಪ್ರಸಂಗವಿದೆ: ಇಟಲಿಯ ದಡ ಸೇರಿದ ಟ್ರೋಜನ್ನರು ಹುಲ್ಲಿನ ಮೇಲೆ ಗೋಧಿಯ ರೊಟ್ಟಿಗಳನ್ನೇ ತಟ್ಟೆಯಂತೆ ಹಾಸಿ, ಅದರ ಮೇಲೆ ಹಣ್ಣು ಬಡಿಸಿಕೊಂಡು ತಿನ್ನುತ್ತಾರೆ, ಹಸಿವು ತೀರದೆ ಕೊನೆಗೆ ತಟ್ಟೆಯನ್ನೂ ತಿಂದುಬಿಡುತ್ತಾರೆ. ಆ ಊಟದ ವರ್ಣನೆಯಲ್ಲಿ ಡಗ್ಲಸ್ ಬಳಸಿದ್ದು ‘ಫ್ಲೌರ್ ಸ್ಕಾನ್’ ಎಂಬ ಮಾತು, ಅಂದರೆ ನಯವಾದ ಹಿಟ್ಟಿನ ಸ್ಕಾನ್. ಆಗಿನ ಸ್ಕಾನ್ ಇಂದಿನಂತೆ ಎತ್ತರದ ಉಂಡೆಯಲ್ಲ, ಅಗಲವಾದ ಚಪ್ಪಟೆ ರೊಟ್ಟಿ ಎಂಬುದಕ್ಕೆ ಈ ಸಂದರ್ಭ ಚೆನ್ನಾಗಿ ಹೊಂದುತ್ತದೆ.

ಪದದ ಮೂಲದ ಬಗ್ಗೆ ಎರಡು ಅಭಿಪ್ರಾಯಗಳಿವೆ. ನಿಘಂಟುಕಾರರು ಹೆಚ್ಚು ಒಲಿಯುವುದು ಹಳೆಯ ಡಚ್ ಭಾಷೆಯ ‘ಸ್ಖೋನ್‌ಬ್ರೋಟ್’ ಕಡೆಗೆ. ‘ಸ್ಖೋನ್’ ಎಂದರೆ ಶುಭ್ರವಾದದ್ದು, ಚೆಂದದ್ದು. ‘ಬ್ರೋಟ್’ ಎಂದರೆ ರೊಟ್ಟಿ. ಒಟ್ಟಿನಲ್ಲಿ ನಯವಾದ ಬಿಳಿ ರೊಟ್ಟಿ. ಇನ್ನೊಂದು ಅಭಿಪ್ರಾಯದಂತೆ ಮೂಲ ಗೇಲಿಕ್ ಭಾಷೆಯ ‘ಸ್ಗೊನ್’: ಆಕಾರವಿಲ್ಲದ ಮುದ್ದೆ ಅಥವಾ ದೊಡ್ಡ ತುತ್ತು. ಸ್ಕಾಟ್ಲೆಂಡಿನ ರಾಜರಿಗೆ ಪಟ್ಟ ಕಟ್ಟುತ್ತಿದ್ದ ಊರಿನ ಹೆಸರನ್ನೂ ಇಂಗ್ಲಿಷಿನಲ್ಲಿ ಇದೇ ಅಕ್ಷರಗಳಲ್ಲಿ ಬರೆಯುತ್ತಾರೆ. ಅಲ್ಲಿನ ಪಟ್ಟಾಭಿಷೇಕದ ಕಲ್ಲಿನಿಂದಲೇ ತಿಂಡಿಗೆ ಹೆಸರು ಬಂತು ಎಂಬ ಕಥೆ ಬಹಳ ಕಡೆ ಓಡಾಡುತ್ತದೆ, ಆದರೆ ಅದಕ್ಕೆ ಆಧಾರವಿಲ್ಲ. ಆ ಊರನ್ನು ಹೇಳುವುದೇ ‘ಸ್ಕೂನ್’ ಎಂದು.

ಉಚ್ಚಾರದಲ್ಲೂ ಎರಡು ಪಕ್ಷ. ಸ್ಕಾಟ್ಲೆಂಡಿನಲ್ಲೂ ಉತ್ತರ ಇಂಗ್ಲೆಂಡಿನಲ್ಲೂ ಮೊಟಕಾಗಿ ‘ಸ್ಕಾನ್’; ಇಂಗ್ಲೆಂಡಿನ ದಕ್ಷಿಣ ಮತ್ತು ನಡುನಾಡಿನಲ್ಲಿ ಹಲವರ ಬಾಯಲ್ಲಿ, ಅಮೆರಿಕದಲ್ಲಿ ಹೆಚ್ಚಿನವರ ಬಾಯಲ್ಲಿ ‘ಸ್ಕೋನ್’. ಎರಡೂ ಸರಿಯೇ. ಹುಟ್ಟಿದ ನಾಡಿನ ಉಚ್ಚಾರವೆಂದು ಇಲ್ಲಿ ‘ಸ್ಕಾನ್’ ಬಳಸಿದೆ.

ಕಾವಲಿಯ ಮೇಲಿನ ರೊಟ್ಟಿ

ಸ್ಕಾಟ್ಲೆಂಡಿನ ತಂಪು, ತೇವದ ಹವೆಯಲ್ಲಿ ಗೋಧಿ ಸಲೀಸಾಗಿ ಬೆಳೆಯುತ್ತಿರಲಿಲ್ಲ. ಸಾಮಾನ್ಯರ ಧಾನ್ಯ ಓಟ್ಸ್ ಮತ್ತು ಬಾರ್ಲಿ. ಗೋಧಿ ಹಿಟ್ಟು ಉಳ್ಳವರದು. ಒಲೆ ಎಂದರೆ ತೆರೆದ ಬೆಂಕಿ, ಬಹಳ ಕಡೆ ಪೀಟ್ ಎಂಬ ಒಣಗಿಸಿದ ಜವುಗು ಮಣ್ಣಿನ ಹೆಂಟೆ ಉರಿಸಿದ್ದು. ಮುಚ್ಚಿದ ಓವನ್ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಹಾಗಾಗಿ ರೊಟ್ಟಿ ಬೆಂದಿದ್ದು ಕಬ್ಬಿಣದ ಕಾವಲಿಯ ಮೇಲೆ. ಸ್ಕಾಟ್ಸ್‌ನಲ್ಲಿ ಅದರ ಹೆಸರು ‘ಗರ್ಡಲ್’. ದುಂಡನೆಯ ದಪ್ಪ ತಗಡು, ಮೇಲೆ ಕಮಾನಿನಂಥ ಹಿಡಿ. ಆ ಹಿಡಿಯನ್ನು ಕೊಕ್ಕೆಗೆ ಸಿಕ್ಕಿಸಿ ಬೆಂಕಿಯ ಮೇಲೆ ತೂಗುಬಿಡುತ್ತಿದ್ದರು. ಆ ಕಾಲದ ಬದುಕಿಗೆ ಇದು ಎಷ್ಟು ಮುಖ್ಯವಾಗಿತ್ತೆಂದರೆ, 1599ರಲ್ಲಿ ಆರನೆಯ ಜೇಮ್ಸ್ ರಾಜ ಫೈಫ್ ಪ್ರಾಂತದ ಕೂರಸ್ ಪಟ್ಟಣದ ಕಮ್ಮಾರರಿಗೆ ಗರ್ಡಲ್ ಮಾಡುವ ಏಕಸ್ವಾಮ್ಯವನ್ನೇ ಕೊಟ್ಟ.

ಅಗಲವಾಗಿ ತಟ್ಟಿದ ಇಡೀ ದುಂಡು ರೊಟ್ಟಿಗೆ ಬ್ಯಾನಕ್ ಎನ್ನುತ್ತಿದ್ದರು. ಅದನ್ನು ಅಡ್ಡಡ್ಡ ಕತ್ತರಿಸಿ ನಾಲ್ಕು ಮಾಡಿದರೆ ಒಂದೊಂದು ಕಾಲು ಭಾಗವೂ ಸ್ಕಾನ್. ಇಂದಿಗೂ ಕೆಲವು ಸ್ಕಾನ್‌ಗಳು ತ್ರಿಕೋನವಾಗಿರುವುದು ಈ ಹಳೆಯ ರೂಪವನ್ನೇ ನೆನಪಿಸುತ್ತದೆ. ಬಾರ್ಲಿಯ ಸ್ಕಾನ್ ಗರಿಗರಿಯಲ್ಲ, ಮೆತ್ತಗೆ ಬಳುಕುವಂಥದ್ದು. 1786ರ ತನ್ನ ಸಂಕಲನದ ಒಂದು ಪದ್ಯದಲ್ಲಿ ಬಾರ್ಲಿಯನ್ನು ಹೊಗಳುವ ರಾಬರ್ಟ್ ಬರ್ನ್ಸ್ ಅದನ್ನು ಆ ಗುಣದಿಂದಲೇ ಕರೆಯುತ್ತಾನೆ.

ಅಡುಗೆಯ ದೃಷ್ಟಿಯಿಂದ ಇಲ್ಲೊಂದು ಮುಖ್ಯ ಸಂಗತಿಯಿದೆ. ಗೋಧಿಯಲ್ಲಿರುವ, ರಬ್ಬರಿನಂತೆ ಎಳೆಯುವ ಗ್ಲೂಟೆನ್ ಓಟ್ಸ್‌ನಲ್ಲಿ ಇಲ್ಲ. ಬಾರ್ಲಿಯಲ್ಲಿ ಇರುವುದು ದುರ್ಬಲ. ಅಂಥ ಹಿಟ್ಟನ್ನು ಎಷ್ಟು ನಾದಿದರೂ ಫಲವಿಲ್ಲ, ಒಟ್ಟುಗೂಡಿಸಿ ತಟ್ಟಿದರೆ ಮುಗಿಯಿತು. ಗೋಧಿ ಹಿಟ್ಟು ಬಂದ ಮೇಲೂ ನಿಯಮ ಅದೇ, ಕಾರಣ ಮಾತ್ರ ತಿರುವು ಮುರುವು: ಈಗ ನಾದಿದರೆ ಫಲ ಸಿಗುತ್ತದೆ, ಮತ್ತು ಆ ಫಲವೇ ಸ್ಕಾನ್ ಅನ್ನು ಕೆಡಿಸುತ್ತದೆ. ಗ್ಲೂಟೆನ್ ಬಲೆ ಬಿಗಿದಷ್ಟೂ ರೊಟ್ಟಿ ಜಗಿಯುವಂತಾಗುತ್ತದೆ, ಮೇಲೇಳುವ ಬದಲು ಕುಗ್ಗುತ್ತದೆ.

ಸೋಡಾ ಬಂದ ಮೇಲೆ

ಸ್ಕಾನ್ ಎತ್ತರವಾಗಿದ್ದು 19ನೇ ಶತಮಾನದಲ್ಲಿ. ಬೆಣ್ಣೆ ಕಡೆದು ಉಳಿದ ಮಜ್ಜಿಗೆಯ ಹುಳಿ, ಅಡುಗೆ ಸೋಡಾದೊಂದಿಗೆ ಸೇರಿದ ಕ್ಷಣ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ, ಹಿಟ್ಟು ಉಬ್ಬುತ್ತದೆ. 1843ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಔಷಧ ತಯಾರಕ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ಹೆಂಡತಿಗಾಗಿ ಸೋಡಾ ಮತ್ತು ಹುಳಿಪುಡಿ ಎರಡನ್ನೂ ಒಣದಾಗಿ ಬೆರೆಸಿ ಬೇಕಿಂಗ್ ಪೌಡರ್ ಮಾಡಿದ. 1845ರಲ್ಲಿ ಬ್ರಿಸ್ಟಲ್‌ನ ಹೆನ್ರಿ ಜೋನ್ಸ್ ಸೆಲ್ಫ್ ರೈಸಿಂಗ್ ಹಿಟ್ಟಿಗೆ, ಅಂದರೆ ಉಬ್ಬಿಸುವ ಪುಡಿ ಮೊದಲೇ ಬೆರೆತ ಹಿಟ್ಟಿಗೆ, ಪೇಟೆಂಟ್ ಪಡೆದ. ಮುಚ್ಚಿದ ಕಬ್ಬಿಣದ ಓವನ್‌ಗಳೂ ಆ ಶತಮಾನದಲ್ಲೇ ಮನೆಮನೆಗೆ ಬಂದವು. ಮಧ್ಯಾಹ್ನದ ಚಹಾ ಕೂಟದ ಫ್ಯಾಶನ್ 1840ರ ದಶಕದಲ್ಲಿ ಬೆಳೆಯಿತು. ಇಷ್ಟೂ ಸೇರಿ, ಅಚ್ಚಿನಲ್ಲಿ ಕತ್ತರಿಸಿದ, ದುಂಡನೆಯ, ಎತ್ತರದ ಸ್ಕಾನ್ ತಯಾರಾಯಿತು.

ಓವನ್ ಸ್ಕಾನ್: ಅಳತೆ

ಇದರಲ್ಲಿ 5.5 ಸೆಂ.ಮೀ. ಅಗಲದ 7 ಸ್ಕಾನ್ ಬರುತ್ತವೆ.

- ಮೈದಾ 250 ಗ್ರಾಂ
- ಬೇಕಿಂಗ್ ಪೌಡರ್ 12 ಗ್ರಾಂ (ತಲೆ ತಟ್ಟಿದ 3 ಟೀ ಚಮಚ)
- ಉಪ್ಪು ಅರ್ಧ ಟೀ ಚಮಚ. ಉಪ್ಪು ಹಾಕಿದ ಬೆಣ್ಣೆಯಾದರೆ ಇದರ ಅರ್ಧ
- ಸಣ್ಣ ಸಕ್ಕರೆ 30 ಗ್ರಾಂ
- ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆ 60 ಗ್ರಾಂ
- ತಣ್ಣನೆಯ ಹಾಲು 150 ಮಿ.ಲೀ.
- ಮೇಲೆ ಸವರಲು ಒಂದು ಮೊಟ್ಟೆಯ ಹಳದಿ ಮತ್ತು ಒಂದು ಚಮಚ ಹಾಲು. ಮೊಟ್ಟೆ ಬೇಡವಾದರೆ ಬರೀ ಹಾಲು

ಮಜ್ಜಿಗೆಯಲ್ಲಿ ಮಾಡುವುದಾದರೆ ನೀರು ಬೆರೆಸದ, ದಪ್ಪನೆಯ ಮಜ್ಜಿಗೆ 160 ಮಿ.ಲೀ. ಇರಲಿ. ಆಗ ಬೇಕಿಂಗ್ ಪೌಡರ್ 2 ಚಮಚಕ್ಕೆ ಇಳಿಸಿ, ಕಾಲು ಚಮಚ ಅಡುಗೆ ಸೋಡಾ ಸೇರಿಸಬೇಕು. ಮಜ್ಜಿಗೆಯ ಸ್ಕಾನ್‌ನ ಒಳಭಾಗ ಹಾಲಿನದಕ್ಕಿಂತ ಮೃದು. ಎರಡರಲ್ಲಿ ಒಂದನ್ನು ಆರಿಸುವುದಾದರೆ ಅದೇ ಮೇಲು. ಸೆಲ್ಫ್ ರೈಸಿಂಗ್ ಹಿಟ್ಟು ಬಳಸಿದರೆ ಬೇಕಿಂಗ್ ಪೌಡರ್ ಒಂದು ಚಮಚ ಸಾಕು.

ಬೆಣ್ಣೆ ಹಿಟ್ಟಿನ ಕಾಲು ಭಾಗದಷ್ಟಿದೆ ಎಂಬುದನ್ನು ಗಮನಿಸಿ. ಹಿಟ್ಟಿನ ಶೇ. 40ರ ಹತ್ತಿರ ಹೋದರೆ ಸ್ಕಾನ್ ಓವನ್‌ನಲ್ಲಿ ಹರಡಿಕೊಳ್ಳುತ್ತದೆ, ಉದುರುದುರಾಗುತ್ತದೆ. ಬ್ರೆಡ್ಡಿಗೆಂದೇ ಮಾರುವ, ಪ್ರೋಟೀನ್ ಹೆಚ್ಚಿರುವ ಹಿಟ್ಟು ಬೇಡ. ನೂರು ಗ್ರಾಂಗೆ 9ರಿಂದ 10 ಗ್ರಾಂ ಪ್ರೋಟೀನ್ ಇರುವುದು ಹೊಂದುತ್ತದೆ.

ಮಾಡುವ ಕ್ರಮ

ಮೊದಲು ಓವನ್ ಹಚ್ಚಿ: 220 ಡಿಗ್ರಿ ಸೆಲ್ಸಿಯಸ್, ಫ್ಯಾನ್ ಇರುವ ಓವನ್ ಆದರೆ 200. ಟ್ರೇಯನ್ನೂ ಒಳಗೇ ಇಟ್ಟು ಕಾಯಿಸಿ. ತಳಕ್ಕೆ ತಕ್ಷಣ ಶಾಖ ತಾಗಿದರೆ ಹಿಟ್ಟು ಹರಡುವ ಮುನ್ನ ಮೇಲೇಳುತ್ತದೆ. ಇದನ್ನು ಕೊನೆಗೆ ನೆನಪಿಸಿಕೊಂಡರೆ ಕತ್ತರಿಸಿದ ಸ್ಕಾನ್‌ಗಳು ಅಡುಗೆಮನೆಯ ಬಿಸಿಗೆ ಕಾದು ಕೂತು, ಬೆಣ್ಣೆ ಮೆತ್ತಗಾಗಿ, ಗ್ಯಾಸಿನ ಒಂದು ಪಾಲು ವ್ಯರ್ಥವಾಗುತ್ತದೆ.

ಮೈದಾ, ಬೇಕಿಂಗ್ ಪೌಡರ್, ಉಪ್ಪು ಮೂರನ್ನೂ ಎರಡು ಸಲ ಜರಡಿ ಹಿಡಿಯಿರಿ. ಇದು ಗಂಟು ಒಡೆಯಲು ಮಾತ್ರವಲ್ಲ, ಪೌಡರ್ ಎಲ್ಲೆಡೆ ಸಮವಾಗಿ ಬೆರೆಯಲು. ಸರಿಯಾಗಿ ಬೆರೆಯದಿದ್ದರೆ ಒಂದು ಪಕ್ಕ ಉಬ್ಬಿ ಇನ್ನೊಂದು ಪಕ್ಕ ಕುಳಿತ ಸ್ಕಾನ್ ಬರುತ್ತದೆ.

ಬೆಣ್ಣೆಯನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ಹಿಟ್ಟಿಗೆ ಹಾಕಿ. ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ತುಸು ತುಸುವೇ ಉಜ್ಜಿ, ಮೇಲಕ್ಕೆತ್ತಿ ಉದುರಿಸುತ್ತಾ ಹೋಗಿ. ಅಂಗೈ ತಾಗಿಸಬೇಡಿ, ಅದರ ಬಿಸಿಗೆ ಬೆಣ್ಣೆ ಕರಗುತ್ತದೆ. ದಪ್ಪ ರವೆಯಂತೆ ತರಿತರಿಯಾಗಿ, ನಡುನಡುವೆ ಬಟಾಣಿಯ ಅರ್ಧದಷ್ಟು ಬೆಣ್ಣೆಯ ಚೂರು ಉಳಿದಿರುವಾಗ ನಿಲ್ಲಿಸಿ. ಹಿಟ್ಟಿಗೆ ಹತ್ತಿದ ಬೆಣ್ಣೆ ನೀರನ್ನು ತಡೆದು ಗ್ಲೂಟೆನ್ ಬಿಗಿಯದಂತೆ ಕಾಯುತ್ತದೆ. ಚೂರಾಗಿ ಉಳಿದದ್ದು ಓವನ್‌ನಲ್ಲಿ ಕರಗಿ, ಅದರೊಳಗಿನ ನೀರು ಹಬೆಯಾಗಿ ಪದರ ಬಿಡಿಸುತ್ತದೆ. ಎರಡೂ ಬೇಕು. ಕೈ ಬಿಸಿ ಇರುವವರು ಗಟ್ಟಿ ಬೆಣ್ಣೆಯನ್ನು ತುರಿಮಣೆಯ ದೊಡ್ಡ ರಂಧ್ರದಲ್ಲಿ ತುರಿದು ಹಾಕಿದರೆ ಕೆಲಸ ಅರ್ಧ ಮುಗಿದಂತೆ. ಈಗ ಸಕ್ಕರೆ ಬೆರೆಸಿ. ಒಣದ್ರಾಕ್ಷಿ ಹಾಕುವುದಾದರೆ 60 ಗ್ರಾಂ ಸಾಕು, ಅದಕ್ಕೂ ಇದೇ ಹೊತ್ತು.

ನಡುವೆ ಗುಳಿ ಮಾಡಿ ಹಾಲಿನಲ್ಲಿ 130 ಮಿ.ಲೀ.ಯಷ್ಟನ್ನು ಒಂದೇ ಸಲ ಸುರಿಯಿರಿ; ಮಿಕ್ಕ 20 ಮಿ.ಲೀ. ಕೈಯಲ್ಲಿರಲಿ. ಹಿಟ್ಟಿನಿಂದ ಹಿಟ್ಟಿಗೆ ನೀರು ಕುಡಿಯುವ ಗುಣ ಬೇರೆ. ಮೊಂಡು ಚಾಕುವಿನಿಂದ ಹತ್ತು ಹದಿನೈದು ಸುತ್ತು ಕಲಸಿ, ಒಣ ಹಿಟ್ಟು ತಳದಲ್ಲಿ ಉಳಿದರೆ ಮಾತ್ರ ಮಿಕ್ಕ ಹಾಲು ಹಾಕಿ. ಹದ ಹೀಗಿರಬೇಕು: ಮುಟ್ಟಿದರೆ ಬೆರಳಿಗೆ ಸ್ವಲ್ಪ ಅಂಟಬೇಕು, ಆದರೆ ಹರಿಯಬಾರದು. ರೊಟ್ಟಿ ಲಟ್ಟಿಸುವವರಿಗೆ ಇದು ತೀರಾ ಅಂಟಾಗಿದೆ ಅನ್ನಿಸುವುದು ಸಹಜ, ಆದರೂ ಮೇಲಿಂದ ಹಿಟ್ಟು ಸುರಿಯುವ ಮನಸ್ಸನ್ನು ತಡೆದುಕೊಳ್ಳಿ. ಒಣ ಹಿಟ್ಟಿನಿಂದ ಒಣ ಸ್ಕಾನ್ ಮಾತ್ರ ಬರುತ್ತದೆ.

ಹಿಟ್ಟು ಉದುರಿಸಿದ ಹಲಗೆಗೆ ಇದನ್ನು ಜಾರಿಸಿ, ಮೆಲ್ಲಗೆ ತಟ್ಟಿ, ಒಮ್ಮೆ ಮಡಚಿ, ತಿರುಗಿಸಿ ಇನ್ನೊಮ್ಮೆ ಮಡಚಿ. ಎರಡು, ಹೆಚ್ಚೆಂದರೆ ಮೂರು ಮಡಿಕೆ. ಮೇಲ್ಮೈ ಕನ್ನಡಿಯಂತೆ ನಯವಾಯಿತೆಂದರೆ ಕೈ ಹೆಚ್ಚಾಯಿತು ಎಂದೇ ಅರ್ಥ. ಲಟ್ಟಣಿಗೆ ಬೇಕಿಲ್ಲ, ಕೈಯಿಂದಲೇ 2.5 ಸೆಂ.ಮೀ. ದಪ್ಪಕ್ಕೆ ತಟ್ಟಿ. ಈ ದಪ್ಪವನ್ನು ಮೊದಲೆರಡು ಸಲ ಅಳತೆಪಟ್ಟಿಯಿಟ್ಟು ನೋಡುವುದು ಒಳ್ಳೆಯದು. ಕಣ್ಣಳತೆಯಲ್ಲಿ ತಟ್ಟಿದರೆ ಒಂದೂವರೆ ಸೆಂ.ಮೀ.ಗೆ ಇಳಿದುಬಿಡುತ್ತದೆ, ಆಮೇಲೆ ಸ್ಕಾನ್ ಉಬ್ಬಲಿಲ್ಲವೆಂದು ಬೇಕಿಂಗ್ ಪೌಡರನ್ನು ದೂರುವಂತಾಗುತ್ತದೆ.

ಅಚ್ಚಿನ ಅಂಚನ್ನು ಹಿಟ್ಟಿನಲ್ಲಿ ಅದ್ದಿ, ನೆಟ್ಟಗೆ ಒತ್ತಿ, ನೆಟ್ಟಗೆ ಎತ್ತಿ. ತಿರುಚಬಾರದು. ತಿರುಚಿದರೆ ಪಕ್ಕದ ಪದರಗಳು ಒಂದಕ್ಕೊಂದು ಬೆಸೆದುಕೊಂಡು ಸ್ಕಾನ್ ವಾಲಿಕೊಂಡು ಏಳುತ್ತದೆ. ಉಳಿದ ಚೂರುಗಳನ್ನು ಮುದ್ದೆ ಮಾಡದೆ, ಪಕ್ಕಪಕ್ಕ ಜೋಡಿಸಿ ತಟ್ಟಿ ಮತ್ತೆ ಕತ್ತರಿಸಿ. ಇವು ಸ್ವಲ್ಪ ಒರಟಾಗಿಯೇ ಬರುತ್ತವೆ. ಚೂರೇ ಉಳಿಯಬಾರದೆಂದರೆ ಹರಿತ ಚಾಕುವಿನಿಂದ ಚೌಕಗಳಾಗಿ ಕತ್ತರಿಸುವುದು ಸುಲಭ, ರುಚಿಯಲ್ಲಿ ವ್ಯತ್ಯಾಸವಿಲ್ಲ.

ಕತ್ತರಿಸಿದ್ದನ್ನು ಮಗುಚಿ, ನಯವಾದ ತಳ ಮೇಲೆ ಬರುವಂತೆ ಬೇಕಿಂಗ್ ಕಾಗದದ ಮೇಲಿಡಿ. ಒಂದು ಬೆರಳಿನ ಅಂತರದಲ್ಲಿ ಇಟ್ಟರೆ ಒಂದಕ್ಕೊಂದು ಆತುಕೊಂಡು ನೇರವಾಗಿ ಏಳುತ್ತವೆ, ಪಕ್ಕ ಮೆತ್ತಗಿರುತ್ತದೆ. ದೂರ ಇಟ್ಟರೆ ಸುತ್ತಲೂ ಹೊರಪದರ ಗಟ್ಟಿಯಾಗುತ್ತದೆ. ಮೇಲ್ಭಾಗಕ್ಕೆ ಮಾತ್ರ ಮೊಟ್ಟೆ ಸವರಿ. ಅದು ಪಕ್ಕಕ್ಕೆ ಇಳಿದರೆ ಅಂಟಿನಂತೆ ಹಿಡಿದುಕೊಂಡು ಆ ಬದಿಯನ್ನು ಏಳಗೊಡುವುದಿಲ್ಲ. ಕಾಗದ ಸಮೇತ ಬಿಸಿ ಟ್ರೇಗೆ ಜಾರಿಸಿ, 12ರಿಂದ 15 ನಿಮಿಷ ಬೇಯಿಸಿ. ಮೊದಲ 10 ನಿಮಿಷ ಬಾಗಿಲು ತೆರೆಯಬೇಡಿ. ಮೇಲೆ ಹೊಂಬಣ್ಣ ಬಂದು, ತಳ ತಟ್ಟಿದರೆ ಟೊಳ್ಳು ಸದ್ದು ಬಂದರೆ ಆಯಿತು. ಥರ್ಮಾಮೀಟರ್ ಇದ್ದರೆ ನಡುವಿನ ಬಿಸಿ ಸುಮಾರು 95 ಡಿಗ್ರಿ ಇರಬೇಕು. ಮೆತ್ತನೆಯ ಮೇಲ್ಪದರ ಬೇಕಿದ್ದರೆ ಶುಭ್ರ ಬಟ್ಟೆಯಲ್ಲಿ ಸುತ್ತಿ ಆರಿಸಿ. ಗರಿಗರಿ ಬೇಕಿದ್ದರೆ ಜಾಲರಿಯ ಮೇಲೆ ತೆರೆದಿಡಿ.

ಎಲ್ಲಿ ತಪ್ಪುತ್ತದೆ

ಸ್ಕಾನ್ ಮುರಿದು ಒಳಗೆ ನೋಡಿದರೆ ತಪ್ಪು ಎಲ್ಲಿ ಎಂದು ಅದೇ ಹೇಳುತ್ತದೆ. ಒಳಗೆ ಬ್ರೆಡ್ಡಿನಂತೆ ಎಳೆ ಎಳೆಯಾಗಿ, ಜಗಿಯುವಂತಿದ್ದರೆ ನಾದಿದ್ದು ಹೆಚ್ಚು. ಎಳೆಯಿಲ್ಲದೆ ಒತ್ತೊತ್ತಾಗಿ, ಪುಡಿಪುಡಿಯಾಗಿ ಒಣಗಿದ್ದರೆ ಹಾಲು ಕಡಿಮೆ, ಅಥವಾ ಓವನ್ ತಣ್ಣಗಿದ್ದು ಹೆಚ್ಚು ಹೊತ್ತು ಬೇಯಿಸಿದ್ದು. ಅಂಚು ಅಗಲವಾಗಿ ಹರಡಿ ತಳ ಎಣ್ಣೆಯಾಗಿದ್ದರೆ ಬೆಣ್ಣೆ ಮೊದಲೇ ಕರಗಿತ್ತು. ಅಂಥ ಸಂದರ್ಭದಲ್ಲಿ ಕತ್ತರಿಸಿದ ಸ್ಕಾನ್‌ಗಳನ್ನು ಬೇಯಿಸುವ ಮುನ್ನ 15 ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಬೆಣ್ಣೆ ಮತ್ತೆ ಗಟ್ಟಿಯಾಗುತ್ತದೆ. ಇಂದಿನ ಹೆಚ್ಚಿನ ಬೇಕಿಂಗ್ ಪೌಡರ್‌ಗಳು ಒದ್ದೆಯಾದಾಗ ಒಮ್ಮೆ, ಬಿಸಿ ತಾಗಿದಾಗ ಇನ್ನೊಮ್ಮೆ ಗ್ಯಾಸ್ ಬಿಡುವುದರಿಂದ ಅಷ್ಟು ಕಾಯುವುದರಿಂದ ತೊಂದರೆಯಿಲ್ಲ. ಬರೀ ಸೋಡಾ ಮತ್ತು ಮಜ್ಜಿಗೆಯಲ್ಲಿ ಕಲಸಿದ್ದಾದರೆ ಕಾಯಿಸಬಾರದು. ಅದರ ಗ್ಯಾಸಿನ ಹೆಚ್ಚಿನ ಪಾಲು ಕಲಸುವಾಗಲೇ ಹೊಮ್ಮುತ್ತದೆ.

ಸಾಬೂನಿನಂಥ ರುಚಿ, ಒಳಗೆ ಹಳದಿ ಚುಕ್ಕೆ ಕಂಡರೆ ಸೋಡಾ ಹೆಚ್ಚಾಗಿದೆ ಅಥವಾ ಬೆರೆತಿಲ್ಲ. ಹುಳಿಗೆ ತಕ್ಕಷ್ಟೇ ಸೋಡಾ ಇರಬೇಕು: 120 ಮಿ.ಲೀ. ಮಜ್ಜಿಗೆಗೆ ಸುಮಾರು ಕಾಲು ಚಮಚ. ಎಲ್ಲ ಸರಿ ಮಾಡಿಯೂ ಏಳದಿದ್ದರೆ ಪೌಡರ್ ಹಳೆಯದು. ಒಂದು ಚಮಚ ಪೌಡರ್ ಮೇಲೆ ಬಿಸಿನೀರು ಹಾಕಿ ನೋಡಿ. ಜೋರಾಗಿ ನೊರೆಯೇಳದಿದ್ದರೆ ಎಸೆಯಿರಿ. ನಡುವೆ ಅಡ್ಡಲಾಗಿ ಬಿರುಕು ಬಿಟ್ಟು ಬಾಯ್ದೆರೆದರೆ ಅದು ದೋಷವಲ್ಲ. ಚೆನ್ನಾಗಿ ಎದ್ದ ಸ್ಕಾನ್ ಹಾಗೆಯೇ ಇರುತ್ತದೆ, ಕೈಯಿಂದ ಎರಡಾಗಿಸಬೇಕಾದ ಜಾಗವೂ ಅದೇ.

ಹಳೆಯ ಬಗೆ: ಕಾವಲಿಯ ಸೋಡಾ ಸ್ಕಾನ್

ಓವನ್ ಇಲ್ಲದವರು ಇದನ್ನು ಎರಡನೇ ದರ್ಜೆಯ ದಾರಿ ಎಂದುಕೊಳ್ಳಬೇಕಿಲ್ಲ, ಮೂಲ ದಾರಿಯೇ ಇದು. 250 ಗ್ರಾಂ ಮೈದಾ, ಅರ್ಧ ಚಮಚ ಸೋಡಾ, ಅರ್ಧ ಚಮಚ ಕ್ರೀಮ್ ಆಫ್ ಟಾರ್ಟರ್ (ದ್ರಾಕ್ಷಾರಸ ಹುಳಿಯುವಾಗ ಸಿಗುವ ಹುಳಿಪುಡಿ), ಅರ್ಧ ಚಮಚ ಉಪ್ಪು ಜರಡಿ ಹಿಡಿದು, ಸುಮಾರು 200 ಮಿ.ಲೀ. ಮಜ್ಜಿಗೆಯಲ್ಲಿ ಬೇಗ ಕಲಸಿ. ಬೆಣ್ಣೆ, ಸಕ್ಕರೆ ಬೇಡ. 20 ಸೆಂ.ಮೀ. ಅಗಲ, ಒಂದು ಸೆಂ.ಮೀ.ಗಿಂತ ತುಸು ಹೆಚ್ಚು ದಪ್ಪಕ್ಕೆ ತಟ್ಟಿ ನಾಲ್ಕು ಕಾಲು ಭಾಗ ಮಾಡಿ.

ದಪ್ಪ ಕಾವಲಿಯನ್ನು ಎಣ್ಣೆ ಹಾಕದೆ ಮಧ್ಯಮ ಉರಿಯಲ್ಲಿ ಕಾಯಿಸಿ ಚಿಟಿಕೆ ಹಿಟ್ಟು ಉದುರಿಸಿ. ತಕ್ಷಣ ಕಪ್ಪಾದರೆ ಉರಿ ಹೆಚ್ಚು. ನಿಧಾನವಾಗಿ, ಸುಮಾರು ಒಂದು ನಿಮಿಷಕ್ಕೆ ಕಂದಾದರೆ ಸರಿ. ಒಂದೊಂದು ಬದಿಗೆ 6ರಿಂದ 7 ನಿಮಿಷ. ಕೊನೆಗೆ ತುಂಡುಗಳನ್ನು ಎತ್ತಿ ಪಕ್ಕದ ಮೇಲೆ ನಿಲ್ಲಿಸಿ, ಕತ್ತರಿಸಿದ ಬದಿಗಳಿಗೂ ಒಂದೊಂದು ನಿಮಿಷ ಕಾವು ತಾಗಿಸಿ; ಹಸಿ ಉಳಿಯುವುದು ಅಲ್ಲೇ. ಇಳಿಸಿದ ಕೂಡಲೇ ಬಟ್ಟೆಯಲ್ಲಿ ಸುತ್ತಿಡದಿದ್ದರೆ ಹೊರಪದರ ಬಿರುಸಾಗುತ್ತದೆ. ಬೆಂದ ಆಲೂಗಡ್ಡೆಗೆ ಅದರ ಕಾಲು ಭಾಗ ಹಿಟ್ಟು, ಸ್ವಲ್ಪ ಬೆಣ್ಣೆ, ಉಪ್ಪು ಸೇರಿಸಿ ತೆಳ್ಳಗೆ ಲಟ್ಟಿಸಿ ಇದೇ ಕಾವಲಿಯ ಮೇಲೆ ಬೇಯಿಸಿದರೆ ಅದು ಟ್ಯಾಟಿ ಸ್ಕಾನ್. ಡ್ರಾಪ್ ಸ್ಕಾನ್ ಎಂಬುದು ಬೇರೆ, ಮೊಟ್ಟೆ ಸೇರಿಸಿದ ದಪ್ಪ ಸಂಪಣವನ್ನು ಚಮಚದಲ್ಲಿ ಹುಯ್ದು ಮಾಡುವ ಪುಟ್ಟ ದೋಸೆಯಂಥದ್ದು. ಎರಡನೆಯ ಎಲಿಜಬೆತ್ ರಾಣಿ 1960ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಐಸನ್‌ಹೋವರ್‌ಗೆ ಬರೆದು ಕಳಿಸಿದ ಪಾಕ ಇದರದೇ.

ಬೇರೆ ನಾಡುಗಳಲ್ಲಿ, ತಟ್ಟೆಯಲ್ಲಿ

ಅಮೆರಿಕದ ಸ್ಕಾನ್ ತ್ರಿಕೋನ, ಬೆಣ್ಣೆ ಸಕ್ಕರೆ ಹೆಚ್ಚು. ಬ್ರಿಟನ್ನಿನ ಸ್ಕಾನ್‌ಗೆ ನಿಜವಾಗಿ ಹತ್ತಿರವಿರುವುದು ಅಲ್ಲಿ ಬಿಸ್ಕಿಟ್ ಎಂದು ಕರೆಯುವ ರೊಟ್ಟಿ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕುಂಬಳದ ತಿರುಳು ಸೇರಿಸುತ್ತಾರೆ, ನ್ಯೂಜಿಲೆಂಡ್‌ನಲ್ಲಿ ಖರ್ಜೂರ. ಚೀಸ್ ಸ್ಕಾನ್‌ಗೆ ಮೇಲಿನ ಅಳತೆಯಲ್ಲಿ ಸಕ್ಕರೆ ಬಿಟ್ಟು, 80 ಗ್ರಾಂ ಖಾರವಾದ ಹಳೆಯ ಚೆಡ್ಡರ್ ತುರಿ ಮತ್ತು ಅರ್ಧ ಚಮಚ ಸಾಸಿವೆ ಪುಡಿ ಹಾಕಿ. ಎಳೆಯ ಚೀಸ್ ಹಾಕಿದರೆ ರುಚಿ ಹಿಟ್ಟಿನಲ್ಲಿ ಕಳೆದುಹೋಗುತ್ತದೆ.

ಸಿಹಿ ಸ್ಕಾನ್‌ಗೆ ಜಾಮ್ ಮತ್ತು ಕ್ಲಾಟೆಡ್ ಕ್ರೀಮ್ ಜೊತೆ. ಹಾಲಿನ ಕೆನೆಯನ್ನು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಇಟ್ಟು, ತಣಿಸಿ, ಮೇಲೆ ಕಟ್ಟಿದ ದಪ್ಪ ಪದರವನ್ನು ತೆಗೆದದ್ದು ಅದು. ಕಾರ್ನಿಷ್ (ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ) ಕ್ಲಾಟೆಡ್ ಕ್ರೀಮ್ ಎಂಬ ಹೆಸರಿಗೆ 1998ರಿಂದ ಕಾನೂನಿನ ರಕ್ಷಣೆಯಿದೆ, ಕೊಬ್ಬು ಕನಿಷ್ಠ ಶೇ. 55 ಇರಬೇಕು. ಅದರ ಪಕ್ಕದ ಡೆವನ್‌ನಲ್ಲಿ ಮೊದಲು ಕೆನೆ, ಮೇಲೆ ಜಾಮ್. ಕಾರ್ನ್‌ವಾಲ್‌ನಲ್ಲಿ ಮೊದಲು ಜಾಮ್. ಸ್ಕಾನ್ ಇನ್ನೂ ಬಿಸಿಯಿದ್ದರೆ ಕಾರ್ನ್‌ವಾಲ್‌ನ ಕ್ರಮವೇ ಅನುಕೂಲ, ಕೆನೆ ಕರಗಿ ಜಾರುವುದಿಲ್ಲ.

ಸ್ಕಾನ್ ಮಾಡಿದ ದಿನದ ತಿಂಡಿ. ಮರುದಿನಕ್ಕೆ ಉಳಿದದ್ದನ್ನು 160 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿದರೆ ಚೇತರಿಸಿಕೊಳ್ಳುತ್ತದೆ, ಮೈಕ್ರೋವೇವ್‌ನಲ್ಲಿಟ್ಟರೆ ರಬ್ಬರಿನಂತಾಗುತ್ತದೆ. ಮುಂಚಿತವಾಗಿ ಮಾಡಿಡಬೇಕಾದರೆ ಬೆಂದದ್ದನ್ನಲ್ಲ, ಬೇಕಿಂಗ್ ಪೌಡರ್ ಹಾಕಿ ಕತ್ತರಿಸಿದ ಹಸಿ ಸ್ಕಾನ್‌ಗಳನ್ನು ಒಂದಕ್ಕೊಂದು ತಾಗದಂತೆ ಫ್ರೀಜರ್‌ನಲ್ಲಿ ಗಟ್ಟಿಮಾಡಿ, ಗಾಳಿಯಾಡದ ಚೀಲಕ್ಕೆ ಹಾಕಿಡಿ. ಬೇಕಾದಾಗ ಕರಗಿಸದೆ ನೇರವಾಗಿ ಓವನ್‌ಗಿಟ್ಟು, ಮಾಮೂಲಿಗಿಂತ 4–5 ನಿಮಿಷ ಹೆಚ್ಚು ಬೇಯಿಸಿ.